ಕೆರೆಕಟ್ಟೆಯಲ್ಲಿ ಮಿಸುಕಿದ ಮಗು

ಇಂಥ ಕಥೆ ಹೇಳುವವರನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಯಾರಾದರೂ "ನನಗೆ ಮೊದಲೇ ಮನಸ್ಸಿಗೆ ಹೊಳೆದಿತ್ತು" ಎಂದು ಶುರು ಮಾಡಿದರೆ ಸಾಕು, ಹಾಗೆ ಹೊಳೆದದ್ದರಲ್ಲಿ ಸುಳ್ಳಾದದ್ದು ಎಷ್ಟು ಎಂದು ಕೇಳಿ ಬಾಯಿ ಮುಚ್ಚಿಸುತ್ತಿದ್ದೆ. ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವಳು. ಸ್ಟಾಫ್ ರೂಮಿನಲ್ಲಿ ದೆವ್ವದ ಸುದ್ದಿ ಎದ್ದರೆ ಉಳಿದವರು ನನ್ನ ಮುಖ ನೋಡಿ ಮಾತು ಬದಲಿಸುತ್ತಿದ್ದರು. ಈಗ ನಾನೇ ಅಂಥದ್ದೊಂದನ್ನು ಹೇಳಲು ಕೂತಿದ್ದೇನೆ. ನೀವು ನಕ್ಕರೆ ಬೇಸರವಿಲ್ಲ, ನಿಮ್ಮ ಜಾಗದಲ್ಲಿ ನಾನಿದ್ದರೂ ನಗುತ್ತಿದ್ದೆ. ಆದರೆ ನಕ್ಕು ಮುಗಿದ ಮೇಲೆ ಇದಕ್ಕೊಂದು ಕಾರಣ ತೋಚಿದರೆ ದಯವಿಟ್ಟು ಹೇಳಿ. ನನಗೆ ಅದು ತೀರಾ ಬೇಕಾಗಿದೆ.

ಮನೆಗಳಲ್ಲಿ ಲ್ಯಾಂಡ್‌ಲೈನ್ ಇನ್ನೂ ಇದ್ದ, ಮೊಬೈಲ್ ಹಿಡಿದವರು ಸಿಗ್ನಲ್ ಹುಡುಕಿಕೊಂಡು ರಸ್ತೆಗೆ ಬರುತ್ತಿದ್ದ ಕಾಲ ಅದು. 2006ರ ಬೇಸಿಗೆ. ನಾವಿಬ್ಬರೂ ನರಸಿಂಹರಾಜಪುರದಲ್ಲಿದ್ದೆವು. ನನ್ನ ಗಂಡನಿಗೆ ಅಲ್ಲಿಯ ಸೊಸೈಟಿಯಲ್ಲಿ ಕೆಲಸ, ನನಗೆ ಶಾಲೆ. ಚೊಚ್ಚಲ ಬಸಿರು ಎಂದು ಸೀಮಂತ ಮುಗಿದ ಮೇಲೆ ರೂಢಿಯಂತೆ ತವರಿಗೆ, ಕೊಪ್ಪಕ್ಕೆ ಬಂದಿದ್ದೆ. ತವರು ಎಂದರೆ ಪೇಟೆಯೊಳಗಿನ ಒಂದು ಬಾಡಿಗೆ ಮನೆ, ಅದರಲ್ಲಿ ಅಮ್ಮ ಒಬ್ಬಳೇ. ಗೋಡೆಯ ಆಚೆ ಖಾದರಣ್ಣನ ಪಂಕ್ಚರ್ ಅಂಗಡಿ. ಹಗಲಿಡೀ ಟಯರಿಗೆ ಗಾಳಿ ಹೊಡೆಯುವ ಸದ್ದು. ಆ ಸದ್ದಿಗೆ ನನ್ನ ಹೊಟ್ಟೆಯೊಳಗಿನದು ಬೆಚ್ಚಿ ಬೆಚ್ಚಿ ಒದೆಯುತ್ತಿತ್ತು.

ಸೀಮಂತದ ಮಾತು ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. ನನ್ನ ಗಂಡನ ಅಕ್ಕ ಸುಶೀಲತ್ತಿಗೆ ಕೆರೆಕಟ್ಟೆಯಲ್ಲಿದ್ದಾರೆ. ಶೃಂಗೇರಿ ದಾಟಿ, ನೆಮ್ಮಾರೂ ದಾಟಿ ಹೋದರೆ ಸಿಗುವ ಕಾಡಂಚಿನ ಊರು. ಬಸ್ಸು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಬಹಳ ವರ್ಷದ ಹಿಂದೆ, ಅವರಿಗೆ ದಿನ ತುಂಬುತ್ತ ಬಂದಾಗ ಮಗು ಮಿಸುಕುವುದು ಕಡಿಮೆಯಾಗಿತ್ತು. ದಿನ ಹತ್ತಿರವಾದ ಹಾಗೆ ಮಗು ತೆಪ್ಪಗಾಗುತ್ತದೆ ಎಂದು ಮನೆಯವರು ಸಮಾಧಾನ ಹೇಳಿದರು. ಆಮೇಲೆ ಗಾಬರಿಬಿದ್ದು, ಬಸ್ಸು ಕಾದು, ಶೃಂಗೇರಿ ಮುಟ್ಟುವ ಹೊತ್ತಿಗೆ ಎಲ್ಲ ಮುಗಿದಿತ್ತು. ಮತ್ತೆ ಅವರಿಗೆ ಮಕ್ಕಳಾಗಲಿಲ್ಲ. ಅದಕ್ಕೇ ನನ್ನ ಸೀಮಂತದಲ್ಲಿ ಅವರು ಬಳೆ ತೊಡಿಸುವ ಹಾಗಿಲ್ಲ, ಆರತಿ ಎತ್ತುವ ಹಾಗಿಲ್ಲ. ಹೊಟ್ಟೆ ಮುಟ್ಟುವುದಂತೂ ದೂರದ ಮಾತು. ನಾನು ಜಗಳಕ್ಕೆ ನಿಂತೆ. ಬಸುರಿ ಹೀಗೆಲ್ಲ ಕೂಗಾಡಬಾರದು ಎಂದು ಹಿರಿಯರು ನನ್ನನ್ನೇ ಸುಮ್ಮನಾಗಿಸಿದರು. ಅತ್ತಿಗೆ ಅಡುಗೆಮನೆಯಲ್ಲಿ ಹೋಳಿಗೆ ಬೇಯಿಸುತ್ತ ಉಳಿದರು, ಊಟವಾದದ್ದೇ ಬಸ್ಸಿಗೆ ಹೊತ್ತಾಯಿತೆಂದು ಹಿಂದಿನ ಬಾಗಿಲಿನಿಂದ ಹೊರಟುಹೋದರು. ನನಗೆ ಇವತ್ತಿಗೂ ಅದನ್ನು ನೆನೆದರೆ ಮೈ ಉರಿಯುತ್ತದೆ.

ಕೊಪ್ಪದಲ್ಲಿ ನನ್ನನ್ನು ನೋಡುತ್ತಿದ್ದ ಡಾಕ್ಟರಮ್ಮ ಮಗುವಿನ ಮಿಸುಕಾಟದ ಮೇಲೆ ಗಮನವಿಡಲು ಹೇಳಿದ್ದರು. ತಿಂಡಿ ಊಟ ಆದ ಮೇಲೆ ಎಡಮಗ್ಗುಲಾಗಿ ಮಲಗಬೇಕು, ಎಷ್ಟು ಸಲ ಮಿಸುಕಿತು ಎಣಿಸಬೇಕು, ಎಂದಿನ ಹಾಗಿಲ್ಲ ಎನ್ನಿಸಿದರೆ ಕಾಯುತ್ತ ಕೂರದೆ ನೇರ ಬರಬೇಕು. ಎಣಿಸುವುದೆಂದರೆ ನನಗೆ ಖುಷಿಯ ಕೆಲಸ. ಅಟ್ಟದಲ್ಲಿದ್ದ ಹಳೆಯ ಚೆನ್ನೆಮಣೆಯನ್ನು ಇಳಿಸಿ ಒರೆಸಿದೆ. ಎರಡು ಸಾಲು, ಸಾಲಿಗೆ ಏಳು ಗುಳಿ. ವಾರದ ಏಳು ದಿನಕ್ಕೆ ಏಳು ಗುಳಿ ಎಂದು ಮಾಡಿಕೊಂಡೆ. ಮೇಲಿನ ಸಾಲು ಬೆಳಗಿಗೆ, ಕೆಳಗಿನದು ಸಂಜೆಗೆ. ಮಗು ಒಮ್ಮೆ ಮಿಸುಕಿದರೆ ಗುಳಿಗೆ ಒಂದು ಹುಣಸೆಬೀಜ. ಆಟದ ಮಣೆ ಕೊನೆಗೂ ಒಂದು ಪ್ರಯೋಜನಕ್ಕೆ ಬಂತು ಎಂದು ನನಗೆ ನಾನೇ ಬೆನ್ನು ತಟ್ಟಿಕೊಂಡೆ.

ಅಮ್ಮನಿಗೆ ಮಾತ್ರ ಇದು ಕಣ್ಣಿಗೆ ಬಿದ್ದಾಗಲೆಲ್ಲ ಸಂಕಟ.

"ಎಂಥದೇ ಇದು? ಹೊಟ್ಟೇಲಿರೋ ಜೀವಾನ ಯಾರಾದ್ರೂ ಎಣಿಸ್ತಾರಾ? ಬಳ್ಳೀಲಿರೋ ಸೌತೇಮಿಡಿಗೆ ಬೆರಳು ತೋರ್ಸಿದ್ರೇ ಕೊಳ್ತು ಹೋಗ್ತದೆ."

"ಇದು ಸೌತೇಮಿಡಿ ಅಲ್ಲಮ್ಮ."

"ಹೂಂ, ನಿಂಗೆ ಹೇಳೋರು ಯಾರು!" ಎಂದು ಗೊಣಗುತ್ತ ಒಳಗೆ ಹೋಗುತ್ತಿದ್ದಳು.

ಆ ದಿನ ಶುಕ್ರವಾರ. ಬೆಳಿಗ್ಗೆ ಕಾಫಿ ಕುಡಿದಾಗಲೇ ಏನೋ ಬದಲಾದ ಹಾಗಿತ್ತು. ಕಾಫಿಯ ಬಿಸಿ ಇಳಿದ ಕೂಡಲೇ ಎರಡಾದರೂ ಒದೆ ಸಿಗಬೇಕು, ಸಿಗಲಿಲ್ಲ. ತಿಂಡಿಯಾದ ಮೇಲೆ ಎಡಮಗ್ಗುಲಾಗಿ ಮಲಗಿದೆ. ಗೋಡೆಯಾಚೆ ಗಾಳಿ ಹೊಡೆಯುವ ಸದ್ದು ಕೇಳುತ್ತಲೇ ಇತ್ತು, ಒಳಗೆ ಒಂದೂ ಅಲುಗಾಟವಿಲ್ಲ. ಸೆಕೆಗೆ ಹಾಗೇ ಜೊಂಪು ಹತ್ತಿತು. ಎಚ್ಚರವಾದಾಗಲೂ ಹೊಟ್ಟೆ ಕಲ್ಲಿನ ಹಾಗೆ ಸುಮ್ಮನಿತ್ತು. ಎದ್ದು ಚೆನ್ನೆಮಣೆ ನೋಡಿದೆ. ಶುಕ್ರವಾರದ ಬೆಳಗಿನ ಗುಳಿಯಲ್ಲಿ ನಾಲ್ಕೈದು ಬೀಜ ಇದ್ದವು.

ನಾನು ಹಾಕಿದ ನೆನಪಿಲ್ಲ. ಅಮ್ಮನನ್ನು ಕೇಳಿದೆ. "ನೀನೇ ಹಾಕಿದ್ದಿರ್ಬೇಕು, ನಿದ್ದೆಗಣ್ಣಲ್ಲಿ" ಎಂದು ನನ್ನ ಮುಖ ನೋಡದೆ ಅಕ್ಕಿ ಆರಿಸತೊಡಗಿದಳು. ನನಗೆ ನನ್ನ ಮೇಲೇ ಅನುಮಾನ ಹುಟ್ಟಿತು. ಅರೆನಿದ್ದೆಯಲ್ಲಿ ಹಾಕಿರಬಹುದೇ? ಹಾಗಾದರೆ ಮಗು ಮಿಸುಕಿದೆ, ನಾನೇ ಮರೆತಿದ್ದೇನೆ. ಇಲ್ಲ ಎಂದರೆ ಬೀಜ ಬಂದದ್ದೆಲ್ಲಿಂದ?

ಗಂಡನಿಗೆ ಫೋನು ಮಾಡಿದೆ. ಸೊಸೈಟಿಯಲ್ಲಿ ಜನ ಇದ್ದರು, ಅವರ ಗದ್ದಲದ ನಡುವೆ ನನ್ನ ಮಾತು ಅರ್ಧ ಕೇಳಿಸಿತು. "ಬೀಜ ಇದೆ ಅಂತೀಯಲ್ಲ, ಮತ್ತೆಂಥ ಹೆದರಿಕೆ? ಈ ಬಿಸಿಲಿಗೆ ಅದೂ ಮಲ್ಗಿರ್ತದೆ ಬಿಡು" ಎಂದರು. ಡಾಕ್ಟರಮ್ಮನ ನರ್ಸಿಂಗ್ ಹೋಮಿಗೆ ಮಾಡಿದೆ. ಡಾಕ್ಟರು ಆಪರೇಶನ್ನಿನಲ್ಲಿದ್ದಾರೆ, ಸಂಜೆ ಬನ್ನಿ ಎಂದು ಹುಡುಗಿಯೊಬ್ಬಳು ಫೋನಿಟ್ಟಳು. ಎರಡನೇ ಸಲ ಮಾಡಿದರೆ ಎಂಗೇಜ್. ಅಮ್ಮ ಬೆಲ್ಲದ ನೀರು ಕುಡಿಸಿದಳು. ಹಿತ್ತಾಳೆ ತಟ್ಟೆ ತಂದು ಹೊಟ್ಟೆಯ ಹತ್ತಿರ ಸೌಟಿನಿಂದ ಬಡಿದಳು. "ದಿನ ಹತ್ರ ಬಂತಲ್ಲೇ, ಇನ್ನು ಅದು ಕುಣಿಯೋಕೆ ಜಾಗ ಎಲ್ಲಿದೆ?" ಎಂದಳು. ಕೆರೆಕಟ್ಟೆಯಲ್ಲಿ ಹೇಳಿದ್ದೂ ಇದೇ ಮಾತಲ್ಲವೇ ಎಂದು ಕೂಗಿದೆ. ಅಮ್ಮ ತಟ್ಟೆ ಸೌಟು ಎತ್ತಿಕೊಂಡು ಒಳಗೆ ಹೋದಳು. ನನ್ನ ಮೈಯೊಳಗೆ ಆಗುತ್ತಿರುವುದನ್ನು ನಾನು ಹೇಳಿದರೆ ಯಾರಿಗೂ ಸಾಲದು, ಹುಣಸೆಬೀಜ ಹೇಳಿದರೆ ಎಲ್ಲರಿಗೂ ಸಮಾಧಾನ. ಆ ಮಣೆಯನ್ನು ಎತ್ತಿ ಬೀದಿಗೆ ಬಿಸಾಡುವಷ್ಟು ಸಿಟ್ಟು ಬಂತು.

ಅಷ್ಟು ಹೊತ್ತಿಗೆ ಫೋನು ಹೊಡೆದುಕೊಂಡಿತು. ಡಾಕ್ಟರಮ್ಮ ಇರಬೇಕೆಂದು ಓಡಿ ಎತ್ತಿದೆ. ಸುಶೀಲತ್ತಿಗೆ.

"ನಗಬೇಡ ಮಾರಾಯ್ತಿ. ಕೇಳೋದೋ ಬೇಡ್ವೋ ಅಂತ ಬೆಳಿಗ್ಗೆಯಿಂದ ಫೋನಿನ ಹತ್ರ ಬಂದು ಬಂದು ವಾಪಸ್ ಹೋದೆ. ನಿನ್ನ ಮಗು ಹೇಗೆ ಮಿಸುಕ್ತಾ ಇದೆ?"

ಬೆಳಗಿನಿಂದ ಅದನ್ನೇ ಹೇಳಿ ಹೇಳಿ ಗಂಟಲು ಒಣಗಿಸಿಕೊಂಡಿದ್ದ ನನ್ನನ್ನು ಯಾರಾದರೂ ತಾವಾಗಿ ಕೇಳಿದ್ದು ಅದೇ ಮೊದಲು. "ಬೆಳಿಗ್ಗೆಯಿಂದ ಇಲ್ಲ ಅತ್ತಿಗೆ" ಎಂದೆ.

ಅತ್ತಿಗೆ ದನಿ ತಗ್ಗಿಸಿದರು.

"ಇಲ್ಲಿ ಮಿಸುಕ್ತಾ ಇದೆ" ಎಂದರು.

"ಎಲ್ಲಿ?"

"ನನ್ನ ಹೊಟ್ಟೇಲಿ. ಬೆಳಿಗ್ಗೆ ದೋಸೆ ಹೊಯ್ತಾ ಇದ್ದಾಗ ಶುರುವಾಯ್ತು. ಗ್ಯಾಸ್ ಇರ್ಬೇಕು ಅಂತ ಜೀರಿಗೆ ಕಷಾಯ ಕುಡ್ದೆ. ಗ್ಯಾಸ್ ಅಲ್ಲ ಮಾರಾಯ್ತಿ. ಅದು ಹೇಗಿರ್ತದೆ ಅಂತ ನಂಗೆ ಗೊತ್ತಿಲ್ವಾ?"

ನಿಜ ಹೇಳುತ್ತೇನೆ, ನನಗೆ ಮೊದಲು ಬಂದದ್ದು ಭಯವಲ್ಲ, ಸಿಟ್ಟು. ನಾನು ಉಸಿರು ಬಿಗಿಹಿಡಿದು ಕಾಯುತ್ತಿರುವುದು ಇವರ ಹೊಟ್ಟೆಯಲ್ಲಿ ಆಗುತ್ತಿದೆಯಂತೆ! ಅದು ನನ್ನದು, ವಾಪಸ್ಸು ಕೊಡಿ ಎಂದು ಕಿರುಚಬೇಕೆನ್ನಿಸಿತು. ಇಂಥದ್ದನ್ನು ಯಾವತ್ತೂ ನಂಬದವಳು ಆ ಕ್ಷಣದಲ್ಲಿ ಅದನ್ನು ಪೂರ್ತಿ ನಂಬಿಬಿಟ್ಟಿದ್ದೆ, ನೋಡಿ.

"ಈಗ ಒಂದು" ಎಂದರು. ನಾನು ಹೊಟ್ಟೆಯ ಮೇಲೆ ಕೈಯಿಟ್ಟೆ. ಏನೂ ಇಲ್ಲ.

"ಮತ್ತೊಂದು. ಇದು ಸಣ್ಣದು." ಏನೂ ಇಲ್ಲ.

"ಬರ್ತಾ ಬರ್ತಾ ನಿಧಾನ ಆಗ್ತಿದೆ ಕಣೇ. ನಂದೂ ಆವತ್ತು ಹೀಗೇ ಆಗಿದ್ದು. ನೀನು ಹೊರಡು, ಯಾರನ್ನೂ ಕೇಳ್ಬೇಡ."

ನಾನು ಫೋನಿಡುವ ಮೊದಲು ಅತ್ತಿಗೆ ಇನ್ನೊಂದು ಮಾತು ಹೇಳಿದರು, "ನಿಂತ್ಹೋಯ್ತು."

ಚಪ್ಪಲಿ ಮೆಟ್ಟುತ್ತಿದ್ದಾಗ ಅಮ್ಮ ಬಾಗಿಲಿಗೆ ಅಡ್ಡ ಬಂದು ಅಳತೊಡಗಿದಳು. ಗುಳಿಯ ಬೀಜ ಹಾಕಿದ್ದು ತಾನೇ ಎಂದಳು. ನಮ್ಮ ಕಡೆ ಭತ್ತ ಅಳೆಯುವಾಗ ಮೊದಲ ಕೊಳಗಕ್ಕೆ ಒಂದು ಎನ್ನುವುದಿಲ್ಲ, 'ಲಾಭ' ಎನ್ನುತ್ತಾರೆ. ಅಳೆದು ಮುಗಿದ ಮೇಲೆ ಮೇಲೊಂದು ಹಿಡಿ ಹಾಕುತ್ತಾರೆ. ಬರೀ ಲೆಕ್ಕ ಒಳ್ಳೆಯದಲ್ಲ ಎಂದು. ನಾನು ಎಣಿಸುವುದನ್ನು ಬಿಡುವವಳಲ್ಲ ಎಂದು ಗೊತ್ತಾದ ಮೇಲೆ ಅಮ್ಮ ಬೆಳಿಗ್ಗೆ ಕಸ ಗುಡಿಸುವಾಗ ಆ ದಿನದ ಗುಳಿಗೆ ಲಾಭದ ಬೀಜ ಹಾಕಿಡುತ್ತಿದ್ದಳಂತೆ, ದಿನಾಲೂ! ಉಳಿದ ದಿನ, ಮಲಗಿದಲ್ಲಿಂದಲೇ ನಾನು ಹಾಕುವ ಬೀಜಗಳ ನಡುವೆ ಅವು ಬೆರೆತುಹೋಗುತ್ತಿದ್ದವು. "ನಿಂಗೆ ಕಣ್ಣಾಗ್ಬಾರ್ದು ಅಂತ ಕಣೇ" ಎಂದಳು. ಅವಳನ್ನು ಬೈಯಲೂ ನನಗೆ ಪುರಸೊತ್ತಿರಲಿಲ್ಲ. ಗೋಡೆಯ ಮೇಲಿಂದ ಖಾದರಣ್ಣನನ್ನು ಕೂಗಿದೆ. ಅವರು ಜಾಕ್ ಮೇಲೆ ನಿಲ್ಲಿಸಿದ್ದ ತಮ್ಮ ಓಮ್ನಿ ವ್ಯಾನನ್ನು ಇಳಿಸಿ, ಗ್ರೀಸಿನ ಕೈಯಲ್ಲೇ ಸ್ಟೇರಿಂಗ್ ಹಿಡಿದರು.

ನರ್ಸಿಂಗ್ ಹೋಮಿನಲ್ಲಿ ಆ ಫೋನಿನ ಹುಡುಗಿ ಚೀಟಿ ಮಾಡಿಸಿ ಕೂರಿ ಎಂದಳು. ಖಾದರಣ್ಣ ಎತ್ತಿದ ದನಿಗೆ ಒಳಗಿಂದ ನರ್ಸ್ ಬಂದಳು. ಹೊಟ್ಟೆಯ ಮೇಲೆ ಮಿಶಿನ್ ಇಟ್ಟು ಹುಡುಕಿದಳು, ಮತ್ತೆ ಹುಡುಕಿದಳು. ಕೊನೆಗೆ ಸಿಕ್ಕಿದ ಬಡಿತ ನನ್ನ ಕಿವಿಗೇ ನಿಧಾನ ಎನ್ನಿಸಿತು. ನರ್ಸ್ ಮಾತಾಡದೆ ಓಡಿದಳು. ಆಮೇಲೆ ನಡೆದದ್ದು ನನಗೆ ಚೂರುಚೂರಾಗಿ ನೆನಪಿದೆ. ಡಾಕ್ಟರಮ್ಮ ಹಿಂದಿನ ಆಪರೇಶನ್ನಿನ ಗೌನಿನಲ್ಲೇ ಬಂದರು, ಅಮ್ಮ ಎಲ್ಲೋ ಸಹಿ ಹಾಕಿದಳು. ನನಗೆ ಎಚ್ಚರವಾದಾಗ ಮಗಳು ಪಕ್ಕದಲ್ಲಿದ್ದಳು. ಕರುಳಬಳ್ಳಿ ಕುತ್ತಿಗೆಗೆ ಬಿಗಿಯಾಗಿ ಸುತ್ತಿಕೊಂಡಿತ್ತಂತೆ. "ಸಂಜೆ ತನಕ ಕಾದಿದ್ದರೆ ಕಷ್ಟವಾಗ್ತಿತ್ತು, ಒಳ್ಳೇ ಹೊತ್ತಿಗೆ ಬಂದ್ರಿ" ಎಂದರು ಡಾಕ್ಟರಮ್ಮ.

ಬೀಜದ ವಿಷಯ ಅಲ್ಲಿಗೆ ಮುಗಿಯಿತು, ಅದರಲ್ಲಿ ವಿಚಿತ್ರವೇನೂ ಇಲ್ಲ. ಅಮ್ಮನ ಕೈ, ಅಮ್ಮನ ನಂಬಿಕೆ. ನನ್ನನ್ನು ಇವತ್ತಿನವರೆಗೂ ಕಾಡುವುದು ಅತ್ತಿಗೆಯ ಫೋನು. ಹೊಲಿಗೆ ಬಿಚ್ಚಿಸಲು ಹೋದಾಗ ಡಾಕ್ಟರಮ್ಮನಿಗೆ ಹೇಳಿದೆ. ಮಗು ಕಳೆದುಕೊಂಡವರಿಗೆ ಎಷ್ಟೋ ವರ್ಷದ ಮೇಲೂ ಹೊಟ್ಟೆಯಲ್ಲಿ ಮಿಸುಕಿದ ಹಾಗೆ ಭಾಸವಾಗುವುದುಂಟು ಎಂದರು. ಇರಬಹುದು, ಒಪ್ಪಿದೆ. ಆದರೆ ಅತ್ತಿಗೆಗೆ ಅದಕ್ಕಿಂತ ಮೊದಲು ಒಮ್ಮೆಯೂ ಹಾಗಾಗಿರಲಿಲ್ಲ, ಆಮೇಲೂ ಆಗಿಲ್ಲ. ಅದೇ ಬೆಳಿಗ್ಗೆ ಯಾಕೆ? ಕಾಕತಾಳೀಯ ಎಂದು ಡಾಕ್ಟರಮ್ಮ ಮುಂದಿನ ಪೇಶೆಂಟನ್ನು ಕರೆದರು. ನಾನೂ ಶಾಲೆಯಲ್ಲಿ ಮಕ್ಕಳಿಗೆ ಅದೇ ಪದ ಹೇಳಿ ಕೈತೊಳೆದುಕೊಂಡವಳೇ. ಅದು ಎಷ್ಟು ಟೊಳ್ಳು ಉತ್ತರ ಎಂದು ಆ ದಿನ ಗೊತ್ತಾಯಿತು.

ಬಾಣಂತನ ಮುಗಿಯುತ್ತ ಬಂದಾಗ ಅತ್ತಿಗೆ ನೋಡಲು ಬಂದರು. ಅಮ್ಮನೇ ಮಗುವನ್ನು ಎತ್ತಿ ತಂದು ಅವರ ಮುಂದೆ ಹಿಡಿದಳು. ಅತ್ತಿಗೆ ಕೈ ಚಾಚಲಿಲ್ಲ, ಸೆರಗಿನೊಳಗೆ ಕೈ ಸುತ್ತಿಕೊಂಡು ದೂರದಿಂದಲೇ ನೋಡಿದರು. ಅಮ್ಮ ಕಾಫಿ ಮಾಡಲು ಒಳಗೆ ಹೋದ ಮೇಲೆ ನನ್ನ ಹತ್ತಿರ ಸರಿದರು.

"ಅಲ್ವೇ, ಆವತ್ತು ನಿನ್ನ ಹೊಟ್ಟೇಲಿ ಮಿಸುಕ್ಬೇಕಾಗಿದ್ದೇ ನಂಗೆ ಬಂತಾ? ನಾನು ಎಳ್ಕೊಂಡ್ನಾ?"

"ಹುಚ್ಚಾ ಅತ್ತಿಗೆ ನಿಮ್ಗೆ? ನೀವು ಫೋನ್ ಮಾಡ್ದೇ ಇದ್ರೆ ಇವಳು ಇರ್ತಿರ್ಲಿಲ್ಲ."

"ಅದು ಸರಿ. ನಾನು ಎಳ್ಕೊಳ್ಳಲಿಲ್ಲ ಅಂತ ನಿಂಗೆ ಹೇಗೆ ಗೊತ್ತು?"

ಅದೆಲ್ಲ ಭ್ರಮೆ ಎನ್ನಬಹುದಿತ್ತು. ಆದರೆ ಫೋನಿನಲ್ಲಿ ನಾನೇ ಅದನ್ನು ನಂಬಿದ್ದೆ, ನಂಬಿದ್ದಕ್ಕೇ ಹೊರಟಿದ್ದೆ, ಅದು ಅವರಿಗೂ ಗೊತ್ತಿತ್ತು. ಅದು ನಿಜವೆಂದು ಒಪ್ಪಿದರೆ ಅವರ ಪ್ರಶ್ನೆ ಹಾಗೇ ಉಳಿಯುತ್ತದೆ. ಬಳ್ಳಿ ಸುತ್ತಿಕೊಂಡಿದ್ದರಿಂದ ಹಾಗಾಯಿತು ಎಂದು ಎಷ್ಟೋ ಸಲ ಬಿಡಿಸಿ ಹೇಳಿದ್ದೇನೆ. ತಲೆಯಾಡಿಸುತ್ತಾರೆ, ಆದರೆ ನಂಬಿದ ಹಾಗೆ ಕಾಣುವುದಿಲ್ಲ.

ಮಗಳು ಈಗ ಕಾಲೇಜಿಗೆ ಹೋಗುತ್ತಾಳೆ. ರಜೆ ಬಂದರೆ ಕೆರೆಕಟ್ಟೆಗೆ ಓಡುತ್ತಾಳೆ, ಅತ್ತಿಗೆ ಅವಳಿಗೆ ಬೇಕಾದ್ದೆಲ್ಲ ಮಾಡಿ ಬಡಿಸುತ್ತಾರೆ. ಆದರೆ ಇಷ್ಟು ವರ್ಷದಲ್ಲಿ ಒಂದು ದಿನವೂ ಅವಳನ್ನು ಎತ್ತಿಕೊಳ್ಳಲಿಲ್ಲ, ತಲೆ ಬಾಚಲಿಲ್ಲ, ಹತ್ತಿರ ಬಂದರೆ ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ. ನನಗೆ ಕಾರಣ ಬೇಕಾಗಿರುವುದು ನನ್ನ ಕುತೂಹಲಕ್ಕಲ್ಲ, ಅತ್ತಿಗೆಗೆ ಹೇಳಲಿಕ್ಕೆ. ಹೋದ ತಿಂಗಳು ಫೋನಿನಲ್ಲಿ ಬೇರೇನೋ ಮಾತಾಡುತ್ತ ಮಾತಾಡುತ್ತ ಅತ್ತಿಗೆ ಕೇಳಿದರು, "ಆವತ್ತಿನದ್ದು ಎಂತಾದ್ರೂ ಗೊತ್ತಾಯ್ತಾ?"

"ಇನ್ನೂ ಇಲ್ಲ ಅತ್ತಿಗೆ" ಎಂದೆ.