ಗಂಗುಬಾಯಿಯ ರಕ್ತ ಪರೀಕ್ಷೆ

ಮೆಹಕರದ ಗಂಗುಬಾಯಿಯನ್ನು ಊರಿನ ಯಾವ ಬಾಣಂತಿಯ ಕೋಣೆಗೂ ಬಿಡುತ್ತಿರಲಿಲ್ಲ. ಮದುವೆಯಾದ ಹೊಸದರಲ್ಲಿ ಅವಳ ಮೂರು ಕೂಸುಗಳು ಒಂದರ ಹಿಂದೊಂದು ಹೊಟ್ಟೆಯಲ್ಲೇ ಸತ್ತು ಹುಟ್ಟಿದ್ದವು. ಕೆಲವು ವರ್ಷಗಳ ಮೇಲೆ ಅನೀಲಕುಮಾರ ಹುಟ್ಟಿ ಬದುಕಿಕೊಂಡರೂ ಅವಳಿಗೆ ಬಿದ್ದ ಹೆಸರು ಅಳಿಯಲಿಲ್ಲ. 'ಕೂಸು ತಿಂದಾಕಿ' ಎಂಬ ಆ ಹೆಸರಿಟ್ಟವನು ಗಂಡ ಮಡೆಪ್ಪನೇ. ಕುರಿ ಹೊಡೆದುಕೊಂಡು ತಿಂಗಳುಗಟ್ಟಲೆ ಗಡಿಯಾಚೆ ತಿರುಗುತ್ತಿದ್ದ ಅವನು, ಮೂರನೆಯದನ್ನು ಹೂತು ಬಂದ ದಿನ ಅಂಗಳದಲ್ಲಿ ಜನರೆದುರು ಹಾಗೆ ಅಂದಿದ್ದ. ತನ್ನ ಹೊಟ್ಟೆಯಲ್ಲೇ ವಿಷವಿದೆಯೆಂದು ನಂಬಿಕೊಂಡು ಗಂಗುಬಾಯಿ ಮುದುಕಿಯಾದಳು.

ಸೊಸೆ ಶೀತಲ ಔರಾದದವಳು. ಬಸುರಿಯಾದಾಗ ಗಂಗುಬಾಯಿ ಅವಳನ್ನು ಭಾಲ್ಕಿಯ ದವಾಖಾನೆಗೆ ಕರೆದೊಯ್ದಳು. ನರ್ಸ್ ಕರುಣಾ ಎಲ್ಲ ಬಸುರಿಯರಿಗೂ ಮಾಡುವಂತೆ ಅವಳ ರಕ್ತವನ್ನೂ ಪರೀಕ್ಷೆ ಮಾಡಿದಳು. ಸಿಫಿಲಿಸ್ ಇತ್ತು. ಹುಣ್ಣಿಲ್ಲ, ಉರಿಯಿಲ್ಲ, ಜ್ವರವಿಲ್ಲ; ಹಾಗಾಗಿ ಶೀತಲ ನಂಬಲಿಲ್ಲ. ಒಬ್ಬಳೇ ಕೇಳಲಾರೆ, ಅತ್ತೆಯನ್ನೂ ಒಳಗೆ ಕರೆಯಿರಿ ಎಂದಳು. ಇದು ಮೈಮೇಲೆ ಏನೂ ತೋರಿಸದೆ ವರ್ಷಗಟ್ಟಲೆ ಇರಬಲ್ಲ ಲೈಂಗಿಕ ರೋಗ, ಗಂಡನಿಂದ ಹೆಂಡತಿಗೆ ಬರುತ್ತದೆ, ಸೂಜಿ ಮಾಡಿಸದಿದ್ದರೆ ಕೂಸು ಹೊಟ್ಟೆಯಲ್ಲೇ ಸಾಯಬಹುದು ಎಂದು ಕರುಣಾ ಇಬ್ಬರಿಗೂ ಬಿಡಿಸಿ ಹೇಳಿದಳು.

ಗಂಗುಬಾಯಿ ಕೈ ಮುಂದೆ ಚಾಚಿದಳು.

"ನಂದೂ ರಕ್ತ ನೋಡ್ರಿ."

ಹಳೆಯ ಸೋಂಕಿನ ಗುರುತು ಅವಳ ರಕ್ತದಲ್ಲೂ ಇತ್ತು. ಸತ್ತ ಕೂಸುಗಳ ಬಗ್ಗೆ ಈಗ ಖಚಿತವಾಗಿ ಹೇಳಲಾಗದು, ಆದರೆ ಇದೇ ಕಾರಣವಿರಬೇಕು ಎಂದಳು ಕರುಣಾ. ಗಂಡನನ್ನು ಬಿಟ್ಟು ಬೇರೆ ಗಂಡಸನ್ನು ಅರಿಯದ ಗಂಗುಬಾಯಿಗೆ ಅಷ್ಟು ಸಾಕಾಯಿತು. ಅತ್ತೆ ಸೊಸೆ ಇಬ್ಬರೂ ಅಂದೇ ಸೂಜಿ ಮಾಡಿಸಿಕೊಂಡು ಹೊರಟರು. ಬಸ್ಸಿನಲ್ಲಿ ಅವಳು ಅಳಲಿಲ್ಲ. ಇಷ್ಟು ವರ್ಷ ತನ್ನ ಮೇಲೇ ಇದ್ದ ಸಿಟ್ಟು ಈಗ ಮಡೆಪ್ಪನ ಕಡೆ ತಿರುಗಿತ್ತು.

ಅನೀಲಕುಮಾರ ಬೀದರಿನ ಗ್ಯಾರೇಜೊಂದರಲ್ಲಿ ಕೆಲಸಕ್ಕಿದ್ದ. ಮನೆಗೆ ಬಂದವನು, ರೋಗ ಶೀತಲಳೇ ಎಲ್ಲಿಂದಲೋ ತಂದದ್ದು ಎಂದ. ಅವಳನ್ನು ಔರಾದಕ್ಕೆ ಕಳಿಸಿಬಿಡು ಎಂದ ಮಡೆಪ್ಪ.

"ಅಕಿ ಎಲ್ಲೂ ಹೋಗಲ್ಲ," ಎಂದಳು ಗಂಗುಬಾಯಿ. "ನಾಳಿ ನೀವಿಬ್ರೂ ದವಾಖಾನಿಗಿ ಬರ್ರಿ. ಬರ್ಲಿಲ್ಲಂದ್ರ ಯಾಕ ಬರ್ಲಿಲ್ಲಂತ ಊರಿಗೆಲ್ಲಾ ನಾನೇ ಹೇಳ್ತೇನಿ."

ಇಬ್ಬರೂ ಬಂದರು. ಇಬ್ಬರ ರಕ್ತದಲ್ಲೂ ಇತ್ತು. ಮಗ ತಲೆ ತಗ್ಗಿಸಿ ಸೂಜಿ ಮಾಡಿಸಿಕೊಂಡ. ಅದು ಕುಂಡೆಗೆ ಚುಚ್ಚುವ, ಬಹಳ ನೋಯುವ ಸೂಜಿ. ಮಡೆಪ್ಪನ ಸರದಿ ಬಂದಾಗ ಗಂಗುಬಾಯಿ ಪರದೆಯ ಹತ್ತಿರ ಹೋಗಿ ನಿಂತಳು. ಅವನು ನರಳಿದ್ದು ಕೇಳಿ ಅವಳಿಗೆ ಖುಷಿಯಾಯಿತು. ಹಾಗೆ ಖುಷಿಯಾದದ್ದಕ್ಕೆ ಅವಳಿಗೆ ನಾಚಿಕೆಯೂ ಆಗಲಿಲ್ಲ.

ಶೀತಲಳಿಗೆ ಗಟ್ಟಿಮುಟ್ಟಾದ ಹೆಣ್ಣುಕೂಸು ಹುಟ್ಟಿತು. ತೊಟ್ಟಿಲಿಗೆ ಹಾಕುವ ದಿನ ಬಳಗವೆಲ್ಲ ಸೇರಿತ್ತು. ಗಂಗುಬಾಯಿ ಕೂಸನ್ನು ಎತ್ತಿಕೊಳ್ಳಲು ಬಾಗಿದಾಗ ಮಡೆಪ್ಪನ ತಂಗಿ ಪುತಳಾಬಾಯಿ ಕೈ ಅಡ್ಡ ಹಿಡಿದು, "ನೀ ಮುಟ್ಟಬ್ಯಾಡ ವೈನಿ," ಎಂದಳು.

ಗಂಗುಬಾಯಿ ನೆಟ್ಟಗೆ ನಿಂತಳು. ಮಗನ ಸುದ್ದಿಯನ್ನಾಗಲಿ ಸೊಸೆಯ ಸುದ್ದಿಯನ್ನಾಗಲಿ ಎತ್ತಲಿಲ್ಲ. ದನಿ ಏರಿಸದೆ ತನ್ನದಷ್ಟನ್ನೇ ಹೇಳಿದಳು.

"ಆ ಮೂರು ಕೂಸು ನಾ ತಿಂದಿಲ್ಲ. ಇವರು ಕುರಿ ಹಿಂದ ಹೋದಲ್ಲಿಂದ ರೋಗ ತಂದು ನನಗ ಹಚ್ಯಾರ. ದವಾಖಾನ್ಯಾಗ ನನ್ನ ರಕ್ತ ನೋಡ್ಯಾರ, ಇವರದೂ ನೋಡ್ಯಾರ." ಆಮೇಲೆ ಮಡೆಪ್ಪನ ಕಡೆ ತಿರುಗಿದಳು. "ಸುಳ್ಳಿದ್ರ ಈಗೇ ಅನ್ರಿ. ಎಲ್ಲರೂ ಕೇಳ್ಲಿ."

ಮಡೆಪ್ಪ ರುಮಾಲು ಸರಿಮಾಡಿಕೊಂಡು ಹೊರಗೆ ನಡೆದ. ಪುತಳಾಬಾಯಿ ಕೈ ಹಿಂದಕ್ಕೆ ಎಳೆದುಕೊಂಡಳು. ಗಂಗುಬಾಯಿ ಮೊಮ್ಮಗಳನ್ನು ಎತ್ತಿ ತೊಟ್ಟಿಲಿಗೆ ಹಾಕಿದಳು.

ಅದುವರೆಗೆ ಬಳಗದ ಜಗಳ ಬಿಡಿಸಲು, ಹೆಣ್ಣು ನೋಡಲು ಮಡೆಪ್ಪನೇ ಮುಂದೆ ಕೂರಬೇಕಿತ್ತು. ಅಂದಿನಿಂದ ಯಾರೂ ಕರೆಯಲಿಲ್ಲ. ಅವನು ಕುರಿಹಟ್ಟಿಯ ಪಕ್ಕದ ಗುಡಿಸಲು ಸೇರಿದ. ರೊಟ್ಟಿ ಮನೆಯಿಂದ ಹೋಗುತ್ತಿತ್ತು, ಗಂಗುಬಾಯಿ ಹೋಗುತ್ತಿರಲಿಲ್ಲ. ಒಂದು ಸಂಜೆ ಅವನೇ ಬಾಗಿಲಿಗೆ ಬಂದು, ತಿಳಿಯದೆ ಆದದ್ದು, ಇನ್ನಾದರೂ ಬಿಟ್ಟುಬಿಡು ಎಂದು ಬೇಡಿಕೊಂಡ.

"ರೋಗ ತಿಳೀದೆ ತಂದ್ರಿ," ಎಂದಳು ಗಂಗುಬಾಯಿ. "ಹೆಸರು ತಿಳಿದೇ ಇಟ್ರಿ."

ಅವನು ಹಟ್ಟಿಯತ್ತ ಹೊರಟ. ಒಳಗಿದ್ದ ಶೀತಲಳಿಗೆ ಮುದುಕನ ಮೇಲೆ ಕನಿಕರ ಬಂತು, ಆದರೆ ಅತ್ತೆಗೆ ಅದನ್ನು ಹೇಳುವ ಧೈರ್ಯ ಬರಲಿಲ್ಲ. ಗಂಗುಬಾಯಿ ಒಲೆಗೆ ಇನ್ನೊಂದು ಕಟ್ಟಿಗೆ ಒಟ್ಟಿ ರೊಟ್ಟಿ ಬಡಿಯಲು ಕೂತಳು.