ಮಾವನ ಮೂತ್ರಕೋಶ ತೋರಿಸಿಕೊಂಡು ಬಂದದ್ದು

ಒಂದು ಫೆಬ್ರವರಿಯ ಬೆಳಿಗ್ಗೆ ನಾನೂ ನನ್ನ ಸೋದರಮಾವನೂ ಹೆಮ್ಮಿಗೆಯಿಂದ ಹೊರಟು, ತಿ. ನರಸೀಪುರದಲ್ಲಿ ನಂಜನಗೂಡಿನ ಬಸ್ಸು ಹತ್ತಿದೆವು. ಇಬ್ಬನಿ ಇನ್ನೂ ಆರಿರಲಿಲ್ಲ. ಮಾವನ ತೊಡೆಯ ಮೇಲೆ ಅತ್ತೆ ಕಟ್ಟಿಕೊಟ್ಟ ರಾಗಿರೊಟ್ಟಿ, ಹುಚ್ಚೆಳ್ಳು ಚಟ್ನಿ.

ಮಾವ ನೂಲಿಗೆ ಬಣ್ಣ ಹಾಕುವವರು. ತೊಳೆದ ನೀರು ತಿಳಿಯಾಗುವವರೆಗೆ ನೂಲನ್ನು ಒಣಗಹಾಕಲು ಬಿಡುವವರಲ್ಲ. ಹಿಂದಿನ ವರ್ಷ ಮೂತ್ರ ಕೆಂಪಾಗಿ ಹೋದಾಗ ನೋವಿರಲಿಲ್ಲ. ತೊಟ್ಟಿಯ ಬಣ್ಣವೇ ಮೈಗೆ ಇಳಿದಿದೆ ಎಂದುಕೊಂಡು ತಿಂಗಳುಗಟ್ಟಲೆ ಸುಮ್ಮನಿದ್ದರು. ಅದು ಮೂತ್ರಕೋಶದ ಕ್ಯಾನ್ಸರ್ ಆಗಿತ್ತು. ಬೀಡಿ ದೊಡ್ಡ ಕಾರಣ, ಕೆಲವು ಬಣ್ಣಗಳ ರಾಸಾಯನಿಕವೂ ಕಾರಣವಾಗಬಹುದು ಎಂದರು ಡಾಕ್ಟರು. ಪುಣ್ಯಕ್ಕೆ ಗಡ್ಡೆ ಒಳಪದರ ದಾಟಿ ಸ್ನಾಯುವಿಗೆ ಇಳಿದಿರಲಿಲ್ಲ. ಹೊಟ್ಟೆ ಕೊಯ್ಯದೆ ಮೂತ್ರನಾಳದ ಮೂಲಕವೇ ಅದನ್ನು ಕೆರೆದು ತೆಗೆದರು. ಆಮೇಲೆ ವಾರಕ್ಕೊಮ್ಮೆಯಂತೆ ಆರು ಸಲ, ಮಕ್ಕಳಿಗೆ ಕ್ಷಯ ಬಾರದಂತೆ ಹಾಕುವ ಲಸಿಕೆಯ ಔಷಧವನ್ನೇ ಮೂತ್ರಕೋಶಕ್ಕೆ ಬಿಟ್ಟರು. ಈ ದಿನ ಮೂತ್ರಕೋಶದೊಳಗೆ ದುರ್ಬೀನಿನ ನಳಿಕೆ ಬಿಟ್ಟು ನೋಡುವುದಿತ್ತು. ಮತ್ತೆ ಬೆಳೆದು ಆಳಕ್ಕೆ ಇಳಿದಿದ್ದರೆ ಮೂತ್ರಕೋಶವನ್ನೇ ತೆಗೆಯಬೇಕಾದೀತು.

ಪರಿಚಯದ ಕಂಡಕ್ಟರು ಎಲ್ಲಿಗೆ ಹೊರಟಿರಿ ಎಂದು ಕೇಳಿದರು.

“ಒಳೀಕೆ ಲೈಟ್ ಬಿಟ್ಟು ನೋಡ್ತಾರಂತೆ ಕಣಪ್ಪ, ಬೀಡಿ ಬಿಟ್ಟಿವ್ನೋ ಇಲ್ವೋ ಅಂತ” ಎಂದರು ಮಾವ. ಬಸ್ಸೆಲ್ಲ ನಕ್ಕಿತು. ನಾನು ಕಿಟಕಿಯಾಚೆಯ ಕಬ್ಬಿನ ಗದ್ದೆ ನೋಡುತ್ತ ಕೂತೆ.

ನಂಜನಗೂಡಿನ ನರ್ಸಿಂಗ್ ಹೋಮಿನಲ್ಲಿ ಮರಗಟ್ಟಿಸುವ ಜೆಲ್ಲಿ ಹಾಕಿ, ತೆಳ್ಳನೆಯ ನಳಿಕೆ ತೂರಿಸಿದರು. ಡಾಕ್ಟರು ನನ್ನನ್ನೂ ಒಳಗೆ ಕರೆದು ಟೀವಿ ಪರದೆ ತೋರಿಸಿದರು. ನಸುಗೆಂಪು ಗೋಡೆ, ನೂಲಿನೆಳೆಯಂಥ ರಕ್ತನಾಳಗಳು, ಕೆರೆದ ಜಾಗದಲ್ಲಿ ಬಿಳಿಚಿದ ಕಲೆ. ಬೇರೇನೂ ಇರಲಿಲ್ಲ. ಮೂರು ತಿಂಗಳಿಗೆ ಮತ್ತೆ ಬರಬೇಕು, ಚೆನ್ನಾಗಿ ನೀರು ಕುಡಿಯಬೇಕು, ಒಂದೆರಡು ದಿನ ಮೂತ್ರ ಕೆಂಪಾದರೆ ಹೆದರಬೇಡಿ ಎಂದರು.

ನನಗೆ ಕುಣಿಯುವಷ್ಟು ಸಂತೋಷವಾಗಿತ್ತು. ಮಾವ ಮಾತ್ರ ಒಪ್ಪಲಿಲ್ಲ.

“ಟೀವೀಲಿ ಏನ್ ಬೇಕಾದ್ರೂ ತೋರುಸ್ತಾರೆ. ನೀರು ತಿಳಿಯಾಗ್ಲಿ, ಆಮೇಲ್ ನೋಡುಮ.”

ಬಸ್ ನಿಲ್ದಾಣದಲ್ಲಿ ಮೂತ್ರಕ್ಕೆ ಹೋದಾಗ ಉರಿ, ಕೆಂಪು. ಎರಡು ಎಳನೀರು ಕುಡಿದರು. ರೊಟ್ಟಿಯ ಜೊತೆಗೆ ರಸಬಾಳೆ ತಿಂದೆವು. ಮತ್ತೊಮ್ಮೆ ಹೋಗಿ ಬಂದು, ಗುಲಾಬಿ ಎಂದರು, ತೊಟ್ಟಿಯ ಮುಂದೆ ನಿಂತವರ ದನಿಯಲ್ಲೇ. ದಾರಿಯುದ್ದಕ್ಕೂ ಬಾಟಲಿಯ ನೀರು ಗುಟುಕರಿಸುತ್ತಲೇ ಇದ್ದರು.

ತಿ. ನರಸೀಪುರದಲ್ಲಿ ಇಳಿದೊಡನೆ ಶೌಚಾಲಯದತ್ತ ನಡೆದರು. ನಾನು ಚೀಲ ಹಿಡಿದು ಕಾದೆ. ಹೊರಬಂದವರು ಪಂಚೆ ಸರಿಪಡಿಸಿಕೊಳ್ಳುತ್ತ, ಅಷ್ಟು ಜನರ ನಡುವಿನಿಂದಲೇ ನನಗೆ ಕೂಗಿ ಹೇಳಿದರು:

“ನೀರು ತಿಳಿಯಾಗ್ ಬಂತು ಕಣವ್ವ. ಇನ್ ಒಣಗಾಕ್ಬೋದು!”

ಸುತ್ತಲಿನವರು ತಿರುಗಿ ನೋಡಿದರು. ಈ ಸಲ ನಾನೂ ಜೋರಾಗಿ ನಕ್ಕುಬಿಟ್ಟೆ.