ವಿಜಯವಾಡದಲ್ಲಿ ಉಳಿದ ಫೈಲು

ಅಥವಾ ಆ ದಿನ ಮಗಳು ನನ್ನ ಜೊತೆ ಬಂದಿರಲೇ ಇಲ್ಲವೇನೋ. ವಿಶಾಖಪಟ್ಟಣದ ಆದಾಯ ತೆರಿಗೆ ಕಚೇರಿಯ ಮೆಟ್ಟಿಲು ಹತ್ತುವಾಗ ಅವಳ ಬೆರಳು ನನ್ನ ಕೈಯಲ್ಲಿದ್ದಂತೆ ನೆನಪು. ಅಂದು ಅವಳು ಶಾಲೆಯಲ್ಲಿದ್ದಳು ಎನ್ನುತ್ತಾಳೆ ಹೆಂಡತಿ. ನೆನಪು ತನಗೆ ಬೇಕಾದವರನ್ನು ಕರೆತಂದು ನಿಲ್ಲಿಸುತ್ತದೆ.

ನಂಬಬಹುದಾದದ್ದು ಇಷ್ಟು. ಮಗಳಿಗೆ ಏಳು ವರ್ಷ, ಕಿವಿ ಮಂದ. ಹೀಗೇ ಆದರೆ ಜೂನ್‌ನಲ್ಲಿ ಮುಂದಿನ ತರಗತಿಗೆ ಸೇರಿಸಿಕೊಳ್ಳುವುದು ಕಷ್ಟ ಎಂದು ಶಾಲೆಯವರು ಹೇಳಿದ್ದರು. ಶ್ರವಣಯಂತ್ರಕ್ಕೆ ತೆರಿಗೆಯ ರಿಫಂಡನ್ನೇ ನೆಚ್ಚಿಕೊಂಡಿದ್ದೆವು. ವರ್ಷ ಕಳೆದರೂ ಅದು ಬಂದಿರಲಿಲ್ಲ.

ಗುಮಾಸ್ತರು ರಿಜಿಸ್ಟರ್ ತಿರುವಿದರು. ಅವರು ತೆಲುಗಿನಲ್ಲಿ ಅಂದದ್ದು ನನ್ನೊಳಗೆ ಕನ್ನಡವಾಗಿ ಉಳಿದಿದೆ.

"ನೀವು ವರ್ಗವಾಗಿ ಬಂದಿರಿ, ಫೈಲು ಬಂದಿಲ್ಲ. ಇನ್ನೂ ವಿಜಯವಾಡದಲ್ಲೇ ಇದೆಯಂಡಿ."

ಆಮೇಲೆ ನಾನು ಒಯ್ದಿದ್ದ, ಅದರ ಹಿಂದಿನ ವರ್ಷದ ರಿಟರ್ನಿನ ಪ್ರತಿ ನೋಡಿ ನಕ್ಕರು. ನಾನು ಬ್ಯಾಂಕಿನಲ್ಲಿ ಲೆಕ್ಕ ತಪಾಸಣೆಯ ಅಧಿಕಾರಿ. ಆ ವರ್ಷದ ನಡುವೆ ವಿಜಯವಾಡದಿಂದ ವರ್ಗವಾದ್ದರಿಂದ ಬ್ಯಾಂಕಿನ ಎರಡು ಶಾಖೆಗಳು ಎರಡು ಸಂಬಳ ಪತ್ರ ಕೊಟ್ಟಿದ್ದವು. ಸಂಬಳದಾರರಿಗೆ ತಲೆಗೆ ವರ್ಷಕ್ಕೊಮ್ಮೆ ಮಾತ್ರ ಸಿಗುವ ಸ್ಟ್ಯಾಂಡರ್ಡ್ ಡಿಡಕ್ಷನ್ ಎಂಬ ವಿನಾಯಿತಿಯನ್ನು ಎರಡರಲ್ಲೂ ಪೂರ್ತಿ ಕಳೆದಿದ್ದರು. ನಾನು ಹಾಗೇ ನಕಲು ಮಾಡಿದ್ದೆ.

"ಆಫೀಸರ್ ಗಾರೂ, ಊರು ಎರಡಾದರೆ ತಲೆಯೂ ಎರಡಾಗುತ್ತದಾ? ಆ ವರ್ಷದ ಬಾಕಿಯನ್ನು ಈ ರಿಫಂಡಿನಲ್ಲಿ ಮುರಿದುಕೊಳ್ತಾರೆ."

ಆ ಬಾಕಿಯ ನೋಟಿಸು ನಮ್ಮ ಹಳೆಯ ಬಾಡಿಗೆ ಮನೆಗೆ ಹೋಗಿ ವಾಪಸಾಗಿತ್ತೆಂದು ಮುಂದೆ ತಿಳಿಯಿತು. ನಾಚಿಕೆಯಲ್ಲೋ ಗಾಬರಿಯಲ್ಲೋ ಮಗಳ ಕಿವಿಯ ವಿಷಯ ಅವರೆದುರು ಹೇಳಿಬಿಟ್ಟೆ. ಅವರು ನಗು ನಿಲ್ಲಿಸಿ ಒಂದು ಹಾಳೆ ಕೊಟ್ಟರು.

"ಹೊಸ ವಿಳಾಸ ಬರೆದು ಅರ್ಜಿ ಕೊಡಿ. ಭಾನುವಾರ ವಿಜಯವಾಡದಲ್ಲಿ ನಮ್ಮವರ ಮದುವೆ. ಸೋಮವಾರ ಅಲ್ಲಿನ ಆಫೀಸಿಗೆ ಹೋಗಿ ಕೇಳ್ತೇನೆ."

ಮನೆಯಲ್ಲಿ ಹೆಂಡತಿ ಬಿಡಲಿಲ್ಲ. "ಮಂದಿ ಲೆಕ್ಕದಾಗಿನ ತಪ್ಪು ಹುಡುಕಿ ಪಗಾರ ತಗೋತೀರಿ, ನಿಮ್ಮದ ಕಾಣಲಿಲ್ಲೇನ್ರೀ?"

ಮೇ ತಿಂಗಳಲ್ಲಿ ರಿಜಿಸ್ಟರ್ಡ್ ಅಂಚೆಯಲ್ಲಿ ರಿಫಂಡ್ ಬಂತು, ಬಾಕಿ ಕಳೆದು ಉಳಿದಷ್ಟು. ಕಿವಿಯ ಹಿಂದೆ ಕೂರುವ ಯಂತ್ರಕ್ಕೆ ಅದು ಸಾಲಲಿಲ್ಲ. ಎದೆಗೆ ಸಿಕ್ಕಿಸಿಕೊಳ್ಳುವ, ತಂತಿ ಇರುವ ಪೆಟ್ಟಿಗೆ ಕೊಂಡೆವು. ಅದನ್ನು ಹಾಕಿಕೊಂಡ ಮಗಳು ಅಡುಗೆಮನೆಗೆ ಓಡಿ, "ಅವ್ವಾ, ಕುಕ್ಕರ್ ಬೈಯಾಕತ್ತೇತಿ!" ಎಂದಳು. ಜೂನ್‌ನಲ್ಲಿ ಶಾಲೆಯವರು ಸೇರಿಸಿಕೊಂಡರು.

ಧನ್ಯವಾದ ಹೇಳಲು ಹೋದಾಗ ಗುಮಾಸ್ತರ ಕುರ್ಚಿಯಲ್ಲಿ ಬೇರೊಬ್ಬರಿದ್ದರು. ಅವರಿಗೂ ವರ್ಗವಾಗಿತ್ತು. ಇಷ್ಟು ವರ್ಷ ಅವರನ್ನು ನೆನೆಯುತ್ತಲೇ ಬಂದಿದ್ದೇನೆ. ಆದರೆ ಫೈಲು ಅವರು ಹೋಗಿ ಕೇಳಿದ್ದರಿಂದ ಹೊರಟಿತೋ, ಅಷ್ಟರಲ್ಲಿ ತಾನಾಗಿಯೇ ಹೊರಟಿತ್ತೋ, ನನಗೆ ಗೊತ್ತಿಲ್ಲ.